ಕರಿಗಲ್ಲಿನ್ಯಾಗ ಬಿಳಿ ಗುಂಡು ಯಾಕ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾನು ಹುಮನಾಬಾದ್ ಕಡಿ ಒಂದು ಖಡಿ ಮಷೀನ್‌ನಾಗ ಸುಪರ್ವೈಜರ್ ಇದ್ದೀನಿ. ಕರಿಗಲ್ಲು ಒಡದ್ರ ಒಳಗ ಬಿಳಿ ಬಿಳಿ ಗುಂಡು ಬರ್ತಾವ, ಕೆಲವು ಕಡ್ಲಿ ಕಾಳಿನಷ್ಟು, ಕೆಲವು ನಿಂಬಿಹಣ್ಣಿನಷ್ಟು. ಸೈಟಿಗೆ ಬಂದ ಒಬ್ಬ ಇಂಜಿನಿಯರ್ ಸಾಹೇಬ್ರು, ಕಲ್ಲು ಕರಗಿ ಹರೀತಿದ್ದಾಗ ಎಣ್ಣಿ ನೀರು ಬ್ಯಾರೆ ಆದಂಗ ಎರಡು ರಸ ಬ್ಯಾರೆ ಬ್ಯಾರೆ ಆಗ್ಯಾವ, ಬಿಳೀದು ಅದೇ ಅಂದ್ರು. ಖರೆ ಏನ್ರಿ?

ಉತ್ತರ: ಸಾಹೇಬ್ರು ಹೇಳಿದ ಸಂಗತಿ ಖರೆ ಅದ, ಆದ್ರ ತೋರಿಸಿದ ಜಾಗ ತಪ್ಪು. ಕರಗಿದ ಕಲ್ಲು ಆರುವಾಗ ಒಂದಕ್ಕೊಂದು ಕೂಡದ ಎರಡು ರಸ ಆಗಿ ಒಡೀತದ, ಅದೂ ನಿಮ್ಮ ಖದಾನಿನ ಇದೇ ಜಾತಿ ಕಲ್ಲಿನ್ಯಾಗ. ಬಿಳಿ ಗುಂಡು ಮಾತ್ರ ಅದಲ್ಲ.

ಮೊದಲು ಬಿಳಿ ಗುಂಡಿನ ವಿಷಯ ಮುಗಿಸೋಣ. ಬೀದರ್ ಜಿಲ್ಲಾ, ಈ ಕಡಿ ಆಳಂದ ಚಿಂಚೋಳಿ ತನಕ ಹಬ್ಬಿರೋ ಕರಿಗಲ್ಲು ಅಂದ್ರ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದ ನೆಲದ ಬಿರುಕಿನಿಂದ ಹರದು ಬಂದ ಲಾವಾ, ಒಂದರ ಮ್ಯಾಲ ಒಂದು ಪದರ ಬಿದ್ದು ಬಿದ್ದು ದಖ್ಖನ್ ಟ್ರ್ಯಾಪ್ ಆಗ್ಯದ, ಈಗಲೂ ಹತ್ತಹತ್ರ 5 ಲಕ್ಷ ಚದರ ಕಿಲೋಮೀಟರ್ ಜಾಗ ಹಿಡಿದು ಕೂತದ. ಲಾವಾದಾಗ ಹಬೆ, ಕಾರ್ಬನ್ ಡೈಆಕ್ಸೈಡ್ ಅಂಥ ಗ್ಯಾಸ್ ಕರಗಿರ್ತಾವ. ನೆಲದ ಮ್ಯಾಲ ಬಂದು ಒತ್ತಡ ಇಳಿದಕೂಡ್ಲೇ ಅವು ಗುಳ್ಳಿ ಆಗಿ ಮ್ಯಾಲ ಏರ್ತಾವ, ಅಷ್ಟರಾಗ ಮ್ಯಾಲಿನ ತೊಗಟಿ ಗಟ್ಟಿ ಆದ್ರ ಅಲ್ಲೇ ಸಿಕ್ಕಿಬೀಳ್ತಾವ. ಕಲ್ಲು ಪೂರಾ ಗಟ್ಟಿ ಆದಮ್ಯಾಲ ಬೆಚ್ಚಗಿನ ನೀರು ಸಂದಿನ್ಯಾಗಿಂದ ಇಳಿದು ಆ ಖಾಲಿ ಗುಳ್ಳಿನ್ಯಾಗ ಜಿಯೋಲೈಟ್, ಕ್ಯಾಲ್ಸೈಟ್, ಅಗೇಟ್ ಅಂಥ ಖನಿಜ ತುಂಬಿ ಹೋಗ್ಯದ. ಅಂದ್ರ ಬಿಳೀದು ರಸ ಅಲ್ಲವೇ ಅಲ್ಲ, ತಡವಾಗಿ ಬಂದ ಬಾಡಿಗಿದಾರ.

ಗುರುತು ಹಿಡಿಯೋದು ಸರಳ ಅದ. ನಿಮ್ಮ ಖದಾನಿನ ಗೋಡಿ ಮ್ಯಾಲಿಂದ ಕೆಳಗ ನೋಡ್ರಿ, ಒಂದೊಂದು ಪದರದ ಮ್ಯಾಲಿನ ಭಾಗದಾಗೇ ಗುಳ್ಳಿ ಮತ್ತ ಬಿಳಿ ಗುಂಡು ಜಾಸ್ತಿ, ನಡಕಿನ ಭಾಗ ಗುಳ್ಳಿ ಇಲ್ಲದ ಗಟ್ಟಿ ಕಲ್ಲು, ನಿಮ್ಮ ಮಾಲಕರಿಗೆ ಬೇಕಾಗಿರೋದೂ ಅದೇ. ಎರಡು ಪದರದ ನಡಕ ಕೆಲವು ಕಡಿ ಕೆಂಪು ಮಣ್ಣಿನ ಪಟ್ಟಿ ಕಾಣ್ತದ, ಅದು ಒಂದು ಲಾವಾ ಆರಿ ಇನ್ನೊಂದು ಬರೋತನಕ ಹೋದ ಕಾಲದ ಲೆಕ್ಕ. ಎರಡು ರಸ ಒಡದು ಬಿಳಿ ಗುಂಡು ಆಗಿದ್ರ ಅವು ಹಿಂಗ ಮ್ಯಾಲಿನ ತೊಗಟಿನ್ಯಾಗೇ ಯಾಕ ಕೂಡ್ತಿದ್ವು? (ನಡಬರಕ ಒಂದು ಮಾತು, ಒಳ್ಳೆ ಹರಳು ಸಿಕ್ಕರ ಸುತ್ತಿಗಿಲೆ ಚೂರು ಮಾಡಬ್ಯಾಡ್ರಿ. ಪುಣೆ, ನಾಸಿಕ್, ಜಳಗಾಂವ್ ಕಡಿ ಇದೇ ಟ್ರ್ಯಾಪಿನ್ಯಾಗ ಸಿಗೋ ಜಿಯೋಲೈಟ್ ಹರಳು ಜಗತ್ತಿನ ಮ್ಯೂಜಿಯಂದಾಗ ಕೂತಾವ.)

ಈಗ ಖರೆ ಬ್ಯಾರೆ ಆಗೋ ರಸದ ಮಾತು. ಬಸಾಲ್ಟ್ ಲಾವಾ ಹೊರಗ ಬರುವಾಗ ಸುಮಾರು 1100ರಿಂದ 1200 ಡಿಗ್ರಿ ಸೆಲ್ಸಿಯಸ್ ಬಿಸಿ ಇರ್ತದ, ಆಗ ಎಲ್ಲಾ ಒಂದೇ ರಸ. ಆರ್ತಾ ಆರ್ತಾ ಮೊದಲು ಹರಳು ಕಟ್ಟೋದು ಪ್ಲೇಜಿಯೋಕ್ಲೇಸ್, ಪೈರಾಕ್ಸೀನ್ ಅಂಥ ಖನಿಜ. ಪ್ಲೇಜಿಯೋಕ್ಲೇಸ್ ತನಗ ಬೇಕಾದ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಎಳಕೊಂತದ, ಕಬ್ಬಿಣ ಅದಕ್ಕ ಬೇಡ, ಹಿಂಗಾಗಿ ಉಳಿದ ರಸದಾಗ ಕಬ್ಬಿಣ ಏರ್ತಾ ಹೋಗ್ತದ. ಹರಳುಗಳ ಸಂದಿನ್ಯಾಗ ಕಡೀಕ ಸ್ವಲ್ಪೇ ಸ್ವಲ್ಪ ರಸ ಉಳೀತದ, ಸುಮಾರು 1000 ಡಿಗ್ರಿ ಆಸುಪಾಸು ಬಂದಾಗ ಆ ಉಳಿದ ರಸ ಇನ್ನ ಒಂದಾಗಿ ಇರಲಾಕ ಆಗಲ್ಲ, ಎರಡಾಗಿ ಒಡೀತದ. ಒಂದು ಕರಿದು, ಅದರಾಗ ಸಿಲಿಕಾ (ಸಿಲಿಕಾನ್, ಆಕ್ಸಿಜನ್ ಕೂಡಿದ್ದು, ಮರಳಿನ್ಯಾಗ ಇರೋದು) ಅಂದಾಜು ಶೇಕಡಾ 40, ಕಬ್ಬಿಣದ ಆಕ್ಸೈಡ್ 30ರ ಹತ್ರ, ಜೊತಿಗೆ ಟೈಟಾನಿಯಂ, ಫಾಸ್ಫರಸ್ ಎಲ್ಲಾ ಆ ಕಡೀಗೇ ಹೋಗ್ತಾವ. ಇನ್ನೊಂದು ತಿಳಿ ಬಣ್ಣದ್ದು, ಸಿಲಿಕಾ 70 ದಾಟಿರ್ತದ, ಪೊಟ್ಯಾಶಿಯಂ ಸೋಡಿಯಂ ಈ ಕಡಿ. ಎರಡೂ ಇನ್ನಾ ದ್ರವನೇ, ಇನ್ನಾ ಕೆಂಪಗ ಕಾದಾವ, ಆದ್ರ ಕೂಡಲ್ಲ. ಒಂದರೊಳಗ ಇನ್ನೊಂದು ಸಣ್ಣ ಸಣ್ಣ ಹನಿ ಆಗಿ ನಿಲ್ತದ, ಆರಿದಮ್ಯಾಲ ಗಾಜಾಗಿ ಉಳೀತದ.

ಕಣ್ಣಿಗೆ ಮಾತ್ರ ಕಾಣಲ್ಲ ರೀ. ಹನಿಗಳು ಭಾಳಷ್ಟು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು) ಅಗಲ, ನಮ್ಮ ತಲಿಕೂದಲಿನ ದಪ್ಪ 70 ಮೈಕ್ರಾನ್ ಆಸುಪಾಸು ಅಂದಮ್ಯಾಲ ನೀವೇ ಲೆಕ್ಕ ಹಾಕ್ರಿ. ನೀವು ಖಡಿ ಹೊಡೆಯೋ ಗಟ್ಟಿ ನಡಕಿನ ಕಲ್ಲಿನ್ಯಾಗ ಆ ಹನಿಗಳು ಇರಬಹುದು, ಸಾಹೇಬ್ರು ತೋರಿಸಿದ ಗುಳ್ಳಿ ಕಲ್ಲಿನ್ಯಾಗ ಹುಡುಕಿದ್ರ ಸಿಗೋ ಛಾನ್ಸ್ ಕಮ್ಮಿ, ಯಾಕಂದ್ರ ಅಲ್ಲಿ ನೀರು ಹೊಕ್ಕು ಗಾಜು ಎಲ್ಲಾ ಜೇಡಿ ಆಗಿರ್ತದ.

ಪ್ರಶ್ನೆ: ನಾನು ಕಲಬುರಗಿಯೊಳಗ ಬಿಎಸ್ಸಿ ಓದ್ಲಿಕತ್ತೀನಿ ಸರ್. ಬಿಸಿ ಇದ್ದಾಗ ಕೂಡಿದ್ದು ಆರಿದಾಗ ಯಾಕ ಬ್ಯಾರೆ ಆಗ್ಬೇಕು? ಆರಿದ್ರ ಗಟ್ಟಿ ಆಗ್ಬೇಕು ಅಷ್ಟೇ ಅಲ್ವಾ? ಎಣ್ಣಿ ನೀರು ಉದಾಹರಣೆ ನನಗ ಸರಿ ಅನ್ನಿಸ್ತಾ ಇಲ್ಲ.

ಉತ್ತರ: ನಿಮಗ ಸರಿ ಅನ್ನಿಸದೇ ಇರೋದೇ ಸರಿ ಅದ. ಎಣ್ಣಿ ನೀರು ಅಡಿಗಿ ಮನ್ಯಾಗ ಎಷ್ಟು ಕಾಸಿದ್ರೂ ಕೂಡಲ್ಲ, ಕಲ್ಲಿನ ರಸ ಹಂಗಲ್ಲ, ಅದು ಬಿಸಿನ್ಯಾಗ ಪೂರಾ ಕೂಡಿ ಇರ್ತದ. ನಿಮ್ಮ ಕೆಮಿಸ್ಟ್ರಿ ಲ್ಯಾಬಿನ್ಯಾಗ ಫೀನಾಲ್ ಮತ್ತ ನೀರಿನ ಪ್ರಯೋಗ ಮಾಡಿರ್ತೀರಿ, ಇಲ್ಲಂದ್ರ ಮಾಡ್ತೀರಿ. ಟೆಸ್ಟ್ ಟ್ಯೂಬಿನ್ಯಾಗ ಎರಡೂ ಹಾಕಿ ಕಾಸಿದ್ರ 66 ಡಿಗ್ರಿ ದಾಟಿದಮ್ಯಾಲ ಯಾವ ಅಳತಿಲೆ ಹಾಕಿದ್ರೂ ತಿಳಿ ಆಗಿ ಒಂದಾಗ್ತಾವ, ಆರಲಾಕ ಬಿಟ್ರ ಒಮ್ಮಿಗೇ ಮಬ್ಬು ಆಗ್ತದ, ಆಮ್ಯಾಲ ಎರಡು ಪದರ. ಆ ಮಬ್ಬು ಆಗೋ ಗಳಿಗಿ ಏನದಲ್ಲ, ನಮ್ಮ ಕರಿಗಲ್ಲಿನ ಕಡೀ ರಸಕ್ಕೂ 1000 ಡಿಗ್ರಿ ಹತ್ರ ಅಂಥದೇ ಗಳಿಗಿ ಬಂದಿತ್ತು ಅಂತ ತಿಳ್ಕೊರಿ. ಗಟ್ಟಿ ಆಗೋಕೂ ಮೊದಲೇ ದ್ರವ ಇದ್ದಾಗೇ ಒಡೀತಾವ, ಗಟ್ಟಿ ಆಗೋದು ಆಮ್ಯಾಲ.

ಕಾರಣ ಕೇಳಿದ್ರಿ. ಕರಗಿದ ಕಲ್ಲಿನ್ಯಾಗ ಒಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್ ನಿಂತು, ಆ ಆಕ್ಸಿಜನ್ ಪಕ್ಕದ ಸಿಲಿಕಾನಿಗೂ ಕೈ ಕೊಟ್ಟು ದೊಡ್ಡ ಜಾಲ ಕಟ್ತಾವ. ಅಲ್ಯೂಮಿನಿಯಂ ಬಂದ್ರ ಪೊಟ್ಯಾಶಿಯಂ ಇಲ್ಲಾ ಸೋಡಿಯಂ ಜೊತಿಗೆ ಕರಕೊಂಡು ಅದೇ ಜಾಲದಾಗ ಕೂಡ್ತದ, ಚಾರ್ಜ್ ಬರಾಬರ್ ಆಗ್ತದ. ಕಬ್ಬಿಣ, ಟೈಟಾನಿಯಂ, ಫಾಸ್ಫರಸ್ ಇವಕ್ಕ ಆ ಜಾಲದಾಗ ಆರಾಮ ಜಾಗ ಇಲ್ಲ, ಜಾಲ ಹರಿದೇ ಕೂಡಬೇಕು, ತಮ್ಮ ತಮ್ಮೊಳಗ ಕೂಡಿ ಇದ್ರೇ ಅವಕ್ಕ ಶಕ್ತಿ ಖರ್ಚು ಕಮ್ಮಿ. ಬಿಸಿ ಜಾಸ್ತಿ ಇದ್ದಾಗ ಅಣುಗಳ ಓಡಾಟ, ನಿಮ್ಮ ಪುಸ್ತಕದ ಮಾತಿನ್ಯಾಗ ಎಂಟ್ರೊಪಿ, ಗೆಲ್ತದ, ಖರ್ಚು ಎಷ್ಟಾದ್ರೂ ಎಲ್ಲಾ ಕಲಸಿ ಇಡ್ತದ. ಆರಿದಂಗೆಲ್ಲಾ ಎಂಟ್ರೊಪಿ ಪಾಲು ಸಣ್ಣದಾಗಿ ಖರ್ಚಿನ ಲೆಕ್ಕ ಮ್ಯಾಲಾಗ್ತದ. ಟಿ ಎಸ್ ಅನ್ನೋ ಗುಣಾಕಾರದಾಗ (ಟಿ ಅಂದ್ರ ಬಿಸಿ, ಎಸ್ ಅಂದ್ರ ಎಂಟ್ರೊಪಿ) ಟಿ ಇಳಿದ್ರ ಏನಾಗ್ತದ ಅಂತ ಬರದು ನೋಡ್ರಿ, ಮೇಷ್ಟ್ರು ಮಾರ್ಕ್ಸ್ ಕೊಡ್ತಾರ.

ಅದಕ್ಕ ಎಲ್ಲಾ ಕಲ್ಲಿನ ರಸಾನೂ ಒಡೆಯಲ್ಲ. ಕಬ್ಬಿಣ ಜಾಸ್ತಿ ಆಗಿ, ಜೊತಿಗೆ ಟೈಟಾನಿಯಂ ಫಾಸ್ಫರಸ್ ಇದ್ರೇ ಒಡೆಯೋದು ಸಲೀಸು, ಅಲ್ಯೂಮಿನಿಯಂ ಮೆಗ್ನೀಶಿಯಂ ಜಾಸ್ತಿ ಇದ್ರ ಕೂಡಿಯೇ ಉಳೀತದ.

ಪ್ರಶ್ನೆ: ನಮ್ಮ ಕಾಲೇಜು ದಿನದ ಪುಸ್ತಕದಾಗ ಹಿಂಗ ರಸ ಒಡೆಯೋದು ಸಾಧ್ಯ ಇಲ್ಲ ಅಂತ ಓದಿದ ನೆನಪು. ಈಗ ನೀವು ಖರೆ ಅಂತೀರಿ. ಯಾವಾಗ ಬದಲಾಯ್ತು? ರಿಟೈರ್ಡ್ ಲೆಕ್ಚರರ್, ಕಲಬುರಗಿ.

ಉತ್ತರ: ಗುರುಗಳ, ನೀವು ಓದಿದ್ದು ಬರಾಬರ್. ಹತ್ತೊಂಬತ್ತನೇ ಶತಮಾನದಾಗ ಭಾಳ ಮಂದಿ ಈ ಒಡೆಯೋ ವಿಚಾರ ಇಷ್ಟಪಟ್ಟಿದ್ರು, ಒಂದೇ ಶಿಲಾರಸದಿಂದ ಇಷ್ಟು ಜಾತಿ ಕಲ್ಲು ಹೆಂಗ ಅನ್ನೋದಕ್ಕ ಸಲೀಸು ಉತ್ತರ ಆಗ್ತಿತ್ತು. ಆಮ್ಯಾಲ ಅಮೆರಿಕಾದ ವಾಷಿಂಗ್ಟನ್‌ನ ಜಿಯೋಫಿಸಿಕಲ್ ಲ್ಯಾಬೊರೇಟರಿಯೊಳಗ ಗ್ರೇಗ್ ಅನ್ನೋರು 1927ರಾಗ ಪ್ರಯೋಗ ಮಾಡಿ ತೋರಿಸಿದ್ರು, ಎರಡು ರಸ ಆಗ್ತಾವ ಖರೆ, ಆದ್ರ 1700 ಡಿಗ್ರಿ ಆಸುಪಾಸಿನ್ಯಾಗ, ಯಾವ ಜ್ವಾಲಾಮುಖಿನೂ ಅಷ್ಟು ಬಿಸಿ ಇರಲ್ಲ. ಅದೇ ಲ್ಯಾಬಿನ ನಾರ್ಮನ್ ಬೋವನ್ 1928ರಾಗ ಇದನ್ನ ಪಕ್ಕಕ್ಕ ಸರಿಸಿಬಿಟ್ರು, ಹರಳು ಮೊದಲು ಕಟ್ಟಿ ರಸದಿಂದ ಬ್ಯಾರೆ ಆಗೋದೇ ಮುಖ್ಯ ದಾರಿ ಅಂದ್ರು. ಬೋವನ್ ಅವರ ಮಾತಿಗೆ ಎಷ್ಟು ತೂಕ ಇತ್ತಂದ್ರ ಮುಂದ ನಲವತ್ತು ವರ್ಷ ಈ ವಿಷಯ ಎತ್ತಿದವ್ರ ಕಡಿ ಯಾರೂ ಹೊಳ್ಳಿ ನೋಡಲಿಲ್ಲ.

1951ರಾಗ ಎಡ್ವಿನ್ ರೋಡರ್ ಅನ್ನೋರು ಪೊಟ್ಯಾಶಿಯಂ, ಕಬ್ಬಿಣ, ಅಲ್ಯೂಮಿನಾ, ಸಿಲಿಕಾ ನಾಲ್ಕೂ ಕೂಡಿದ ಮಿಶ್ರಣದಾಗ ಎಷ್ಟೋ ಕಮ್ಮಿ ಬಿಸಿನ್ಯಾಗೂ ಎರಡು ರಸ ಆಗ್ತಾವ ಅಂತ ತೋರಿಸಿದ್ರು, ಆಗಲೂ ದೊಡ್ಡ ಸದ್ದೇನೂ ಆಗಲಿಲ್ಲ. ಸದ್ದಾಗಿದ್ದು ಚಂದ್ರನ ಕಲ್ಲಿನಿಂದ. 1969ರ ಜುಲೈನಾಗ ಅಪೊಲೊ 11 ತಂದ ಬಸಾಲ್ಟ್ ಚೂರುಗಳನ್ನ ರೋಡರ್ ಮತ್ತ ವೈಬ್ಲನ್ ಮೈಕ್ರೋಸ್ಕೋಪಿನ್ಯಾಗ ನೋಡಿದ್ರ, ಹರಳುಗಳ ಸಂದಿನ್ಯಾಗ ತಿಳಿ ಗಾಜು ಒಂದು ಕಡಿ, ಕಬ್ಬಿಣ ತುಂಬಿದ ಕಂದು ಗಾಜಿನ ಹನಿ ಇನ್ನೊಂದು ಕಡಿ. ಚಂದ್ರನ ಮ್ಯಾಲ ನೀರು ಗಾಳಿ ಇಲ್ಲ, ಹಿಂಗಾಗಿ ಗಾಜು ಹಾಳಾಗದೇ ಉಳಿದಿತ್ತು. ಆಮ್ಯಾಲ ನಮ್ಮ ಭೂಮಿ ಕಲ್ಲೂ ಮತ್ತೊಮ್ಮಿ ನೋಡ್ರಿ ಅಂತ ಎಲ್ಲರೂ ಶುರು ಮಾಡಿದ್ರು, 1974ರಾಗ ಅನಿರುದ್ಧ ದೇ ಅವರು ದಖ್ಖನ್ ಟ್ರ್ಯಾಪಿನ ಕಲ್ಲಿನ್ಯಾಗೇ ಈ ಎರಡು ರಸದ ಗುರುತು ಬರದು ಪ್ರಕಟಿಸಿದ್ರು. ಮೂರೂವರೆ ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ದೂರದ ಚಂದ್ರನಿಂದ ಕಲ್ಲು ಬರೋತನಕ ಕಾಲಕೆಳಗಿನ ಕಲ್ಲು ಯಾರೂ ಸರಿಯಾಗಿ ನೋಡಿರಲಿಲ್ಲ ಅನ್ನೋದು ನನಗ ಸ್ವಲ್ಪ ಸಿಟ್ಟೇ ತರಿಸ್ತದ.

ಹಂಗಂತ ಬೋವನ್ ಸೋತ್ರು ಅಂತ ಹೇಳಲ್ಲ. ಹರಳು ಕಟ್ಟಿ ಬ್ಯಾರೆ ಆಗೋದೇ ಇವತ್ತಿಗೂ ದೊಡ್ಡ ದಾರಿ, ರಸ ಒಡೆಯೋದು ಕಡೀ ಅಂಕ. ಗ್ರೀನ್‌ಲ್ಯಾಂಡಿನ ಸ್ಕೆರ್ಗಾರ್ಡ್ ಅನ್ನೋ ಕಡಿ ನೆಲದೊಳಗೇ ನಿಧಾನ ಆರಿದ ದೊಡ್ಡ ಶಿಲಾರಸದ ಹೊಂಡ ಅದ, ಅಲ್ಲಿ ಹರಳುಗಳ ಹೊಟ್ಯಾಗ ಸಿಕ್ಕಿಬಿದ್ದ ಹನಿಗಳೊಳಗ ಎರಡೂ ಜಾತಿ ರಸ ಸಿಕ್ಕಾವ. ಆದ್ರ ಅವು ಬ್ಯಾರೆ ಬ್ಯಾರೆ ಹರದು ಹೋಗಿ ದೊಡ್ಡ ಪ್ರಮಾಣದಾಗ ಕಲ್ಲು ಕಟ್ಯಾವೋ, ಇಲ್ಲಾ ಒಡದ ಜಾಗದಾಗೇ ಗಟ್ಟಿ ಆಗ್ಯಾವೋ ಅನ್ನೋದರ ಮ್ಯಾಲ ಜಗಳ ಇನ್ನಾ ನಡದದ. ಸ್ವೀಡನ್ನಿನ ಕಿರುನಾ ಕಬ್ಬಿಣದ ಅದಿರು ಹಿಂಗೇ ಒಡದ ರಸದಿಂದ ಬಂದದ್ದು ಅನ್ನೋರು ಒಂದು ಪಾರ್ಟಿ, ಅಲ್ಲ ಬಿಸಿನೀರಿನ ಕೆಲಸ ಅನ್ನೋರು ಇನ್ನೊಂದು ಪಾರ್ಟಿ.

ಪ್ರಶ್ನೆ: ನಮ್ದು ಬೀದರಿನ್ಯಾಗ ಬಿದ್ರಿ ಕೆಲಸ. ಜಸ್ತ ಕರಗಿಸುವಾಗ ಹಳೇ ಗುಜರಿ ಮಾಲು ಹಾಕಿದ್ರ ಕೆಲವೊಮ್ಮಿ ಸೀಸ ತಳಕ್ಕ ಬ್ಯಾರೆ ಕೂತಿರ್ತದ, ಎಷ್ಟು ಕಲಸಿದ್ರೂ ಕೂಡಲ್ಲ. ಇದೂ ಅದೇ ಏನ್ರಿ ಸರ್?

ಉತ್ತರ: ಅದೇ ರೀ, ಈ ಸಲ ಬಂದ ಪ್ರಶ್ನೆಗಳೊಳಗ ನನಗ ಭಾಳ ಖುಷಿ ಕೊಟ್ಟಿದ್ದು ಇದು. ಜಸ್ತ ಅಂದ್ರ ಸತು (ಜಿಂಕ್), ಸುಮಾರು 420 ಡಿಗ್ರಿಗೆ ಕರಗ್ತದ, ಆ ಬಿಸಿನ್ಯಾಗ ಅದು ನೂರರಾಗ ಒಂದು ಪಾಲಿನಷ್ಟೂ ಸೀಸ ತನ್ನೊಳಗ ಇಟ್ಕೊಳಲ್ಲ. ಉಳಿದಿದ್ದು ಬ್ಯಾರೆ ದ್ರವ ಆಗಿ ನಿಲ್ತದ, ಸೀಸದ ತೂಕ ಜಾಸ್ತಿ, ನೀರಿನ 11 ಪಟ್ಟು, ಜಸ್ತ 7 ಪಟ್ಟು ಅಷ್ಟೇ, ಹಿಂಗಾಗಿ ತಳಕ್ಕ ಇಳೀತದ. ಎರಡೂ ಪೂರಾ ಕೂಡಬೇಕಂದ್ರ 800 ಡಿಗ್ರಿ ಹತ್ರ ಒಯ್ಯಬೇಕು, ಜಸ್ತ ಕುದಿಯೋದೇ 907ಕ್ಕ, ಅಷ್ಟು ಕಾಸಿದ್ರ ಹೊಗಿ ಆಗಿ ಹಾರಿ ಹೋಗ್ತದ, ನಿಮಗೂ ಒಳ್ಳೇದಲ್ಲ. ತಾಮ್ರ ಮಾತ್ರ ಜಸ್ತದಾಗ ಸಲೀಸಾಗಿ ಕೂಡ್ತದ, ಅದಕ್ಕೇ ನಿಮ್ಮ ಹದಿನಾರು ಪಾಲು ಜಸ್ತಕ್ಕ ಒಂದು ಪಾಲು ತಾಮ್ರದ ಲೆಕ್ಕ ನಡೀತದ.

ಈ ಕೂಡದ ಗುಣಾನೇ ದಂಧಾ ಮಾಡಿಕೊಂಡವರಿದ್ದಾರ. 1850ರಾಗ ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ಒಂದು ಪದ್ಧತಿ ಪೇಟೆಂಟ್ ತಗೊಂಡ್ರು, ಬೆಳ್ಳಿ ಬೆರೆತ ಸೀಸ ಕರಗಿಸಿ ಅದಕ್ಕ ಜಸ್ತ ಹಾಕೋದು, ಬೆಳ್ಳಿಗೆ ಸೀಸಕ್ಕಿಂತ ಜಸ್ತದ ಮ್ಯಾಲ ಪ್ರೀತಿ ಜಾಸ್ತಿ, ಎಲ್ಲಾ ಅದರೊಳಗ ಹೋಗಿ ಮ್ಯಾಲ ತೇಲ್ತದ, ಕೆನಿ ತಗದಂಗ ತಗೀಬೇಕು ಅಷ್ಟೇ. ಸೀಸದ ಹೊಗಿ ಇರೋ ಕಡಿ ಮಕ್ಕಳನ್ನ ಕೂಡಿಸಬ್ಯಾಡ್ರಿ, ಬಾಗಲಾ ಕಿಟಕಿ ತಗದೇ ಕೆಲಸ ಮಾಡ್ರಿ, ಇದು ಪ್ರಶ್ನೆಯೊಳಗ ಇರಲಿಲ್ಲ, ಆದ್ರೂ ಹೇಳಿದೆ.

ಕರಗಿದ ಕಲ್ಲಿಗೂ ನಿಮ್ಮ ಮೂಸಿಗೂ ಒಂದು ದೊಡ್ಡ ಫರಕ್ ಅದ. ಕರಗಿದ ಲೋಹ ನೀರಿನಂಗ ತೆಳ್ಳಗ, ಸೀಸ ಗಳಿಗಿನ್ಯಾಗ ತಳ ಸೇರ್ತದ. ಸಿಲಿಕಾ ತುಂಬಿದ ರಸ ಭಾಳ ಅಂಟು, ಹನಿ ಕೂಡಿ ದೊಡ್ಡದಾಗಿ ತಳಕ್ಕ ಇಳಿಯೋ ಅಷ್ಟರಾಗ ಕಲ್ಲೇ ಗಟ್ಟಿ ಆಗಿ ಹೋಗಿರ್ತದ. ಅದಕ್ಕ ನಮ್ಮ ಕರಿಗಲ್ಲಿನ್ಯಾಗ ಎರಡು ಪದರ ಅಲ್ಲ, ಬರೇ ಹನಿ.

ಪ್ರಶ್ನೆ: ಶಹಾಪುರದ ಮಲಗಿದ ಬುದ್ಧನ ಗುಡ್ಡದ ಕಲ್ಲು, ಯಾದಗಿರಿ ಕೋಟಿ ಗುಡ್ಡದ ಕಲ್ಲು ಬಿಳಿ ಕೆಂಪು ಮಿಶ್ರ ಇರ್ತದ. ಅದು ಹಿಂಗ ಒಡದ ತಿಳಿ ರಸದಿಂದ ಆದದ್ದಾ?

ಉತ್ತರ: ಅಲ್ಲ. ನಿಮ್ಮ ಕಡಿ ಕಲ್ಲು ಗ್ರಾನೈಟ್ ಮತ್ತ ನೈಸ್ (ಬಿಸಿ, ಒತ್ತಡಕ್ಕ ಬದಲಾಗಿ ಪಟ್ಟಿ ಪಟ್ಟಿ ಆದ ಕಲ್ಲು) ಜಾತಿ, ವಯಸ್ಸು 250 ಕೋಟಿ ವರ್ಷದ ಸುತ್ತಮುತ್ತ, ದಖ್ಖನ್ ಲಾವಾ ಅದರ ಮುಂದ ನಿನ್ನೆ ಮೊನ್ನೆಯ ಕೂಸು. ಒಡದ ತಿಳಿ ರಸದ ಸಿಲಿಕಾ ಲೆಕ್ಕ ಗ್ರಾನೈಟಿಗೆ ಹೋಲ್ತದ, ಅದನ್ನ ನೋಡೇ ಹಿಂದಿನವರು ಹಂಗ ಅಂದ್ಕೊಂಡಿದ್ರು, ಆದ್ರ ಗುಡ್ಡದ ಗಾತ್ರದ ಗ್ರಾನೈಟ್ ಆ ದಾರಿಲೆ ಬರಲ್ಲ, ನೆಲದಾಳದ ಹಳೇ ಕಲ್ಲು ಮತ್ತ ಕರಗಿ ಬಂದದ್ದು ಅದು.

ಪ್ರಶ್ನೆ: ಶಹಾಬಾದ್ ಫರ್ಸಿನೂ ಲಾವಾನಾ?

ಉತ್ತರ: ಅಲ್ಲ ರೀ, ಅದು ಸುಣ್ಣದಕಲ್ಲು, ಹಳೇ ಸಮುದ್ರದ ತಳದಾಗ ಪದರ ಪದರ ಕೂತದ್ದು. ಅದಕ್ಕೇ ಹಪ್ಪಳದಂಗ ಎದ್ದು ಬರ್ತದ.

ಪ್ರಶ್ನೆ: ರಸ ಬ್ಯಾರೆ ಆಗೋದರಿಂದ ಯಾರಿಗಾದ್ರೂ ರೊಕ್ಕ ಆಗ್ಯದಾ, ಇಲ್ಲಾ ಬರೇ ಪುಸ್ತಕದ ಮಾತಾ? ನಮ್ಮ ಚಿಂಚೋಳಿ ಹೊಲದಾಗೂ ಕರಿಗಲ್ಲೇ ಅದ, ಬೋರ್ ಹಾಕಿಸಿದ್ರ ಏನಾದ್ರೂ ಸಿಗ್ತದಾ?

ಉತ್ತರ: ಬೋರಿನ್ಯಾಗ ನೀರು ಸಿಕ್ಕರ ಪುಣ್ಯ ಅನ್ಕೊರಿ. ರೊಕ್ಕ ಮಾತ್ರ ಖರೇನೇ ಆಗ್ಯದ, ಇನ್ನೊಂದು ಜಾತಿ ಒಡೆಯೋದರಿಂದ. ಶಿಲಾರಸದಾಗ ಗಂಧಕ ತಡಕೊಳಾಕ ಆಗದಷ್ಟು ಆದ್ರ ಸಲ್ಫೈಡ್ ರಸ, ಅಂದ್ರ ಗಂಧಕ ಲೋಹ ಕೂಡಿದ ರಸ, ಬ್ಯಾರೆ ಹನಿ ಆಗಿ ಒಡೀತದ. ಈ ಹನಿ ತೂಕದ್ದು, ತೆಳ್ಳಗ ಹರಿಯೋದು, ಜೊತಿಗೆ ಸುತ್ತಿನ ರಸದಾಗಿನ ನಿಕ್ಕಲ್, ತಾಮ್ರ, ಪ್ಲಾಟಿನಂ, ಪಲ್ಲಾಡಿಯಂ ಎಲ್ಲಾ ಹೀರಿಕೊಂಡು ತಳಕ್ಕ ಇಳೀತದ. ರಷ್ಯಾದ ನೊರಿಲ್ಸ್ಕ್, ಕೆನಡಾದ ಸಡ್ಬರಿ ಗಣಿಗಳು ಇಂಥ ಹನಿಗಳು ಕೂಡಿದ ಜಾಗ. ನೊರಿಲ್ಸ್ಕ್ ಇರೋದು ಸೈಬೀರಿಯಾ ಟ್ರ್ಯಾಪ್ ಹತ್ರ, ಅದೂ ನಮ್ಮ ದಖ್ಖನ್ ಥರದ್ದೇ ಲಾವಾ ಹರಿವು, ಸುಮಾರು 25 ಕೋಟಿ ವರ್ಷ ಹಳೇದು. ಅದನ್ನ ನೋಡಿ ನಮ್ಮಲ್ಲೂ ಹುಡುಕಬೇಕು ಅನ್ನೋ ಆಶಾ ಬರೋದು ಸಹಜ, ಆದ್ರ ದಖ್ಖನ್ ಟ್ರ್ಯಾಪಿನ್ಯಾಗ ಅಂಥ ಗಣಿ ಇಲ್ಲ. ಗಂಧಕ ಸಿಗೋ ಕಲ್ಲು ದಾರಿನ್ಯಾಗ ಇರಬೇಕು, ರಸ ಹರಿಯೋ ಕೊಳವಿ ಅಗಲ ಇರಬೇಕು, ಹನಿ ಕೂಡೋ ತಗ್ಗು ಬೇಕು, ಇಷ್ಟೂ ಒಂದೇ ಕಡಿ ಕೂಡಿ ಬರೋದು ಅಪರೂಪ. ನಿಮ್ಮ ಹೊಲದ ಕರಿಗಲ್ಲು ಸವೆದು ಆದ ಎರಿ ಮಣ್ಣಿನ್ಯಾಗ ತೊಗರಿ ಬೆಳೀತದಲ್ಲ, ಲಾವಾ ಕೊಟ್ಟ ರೊಕ್ಕ ಅದೇ. ಕಲ್ಲು ನೋಡಿ ಪ್ಲಾಟಿನಂ ಅದ ಅಂತ ಹೇಳಿ ಅಡ್ವಾನ್ಸ್ ಕೇಳೋರು ಬಂದ್ರ ಚಹಾ ಕುಡಿಸಿ ಕಳಸ್ರಿ.

ಪ್ರಶ್ನೆ: ನಾನು ಬಸವಕಲ್ಯಾಣದ ಹೈಸ್ಕೂಲ್ ಹುಡುಗ. ಜ್ವಾಲಾಮುಖಿಯಿಂದ ಕರಿ ಲಾವಾ ಬಂದು ಬಿಳಿ ಆಗೋದು ವಿಡಿಯೋದಾಗ ನೋಡಿದೆ, ಖರೇನಾ ಮೋಸಾನಾ?

ಉತ್ತರ: ಖರೆ ತಮ್ಮಾ. ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗೈ ಅನ್ನೋ ಜ್ವಾಲಾಮುಖಿ ಅದು, ಅದರ ಲಾವಾ ಸಿಲಿಕಾದ್ದಲ್ಲ, ಸೋಡಿಯಂ ಕಾರ್ಬೋನೇಟ್ ಥರದ್ದು, ನಮ್ಮ ಬಟ್ಟಿ ಸೋಡಾದ ಬಳಗ ಅಂತ ತಿಳ್ಕೊ. ಬಿಸಿನೂ ಕಮ್ಮಿ, 500ರಿಂದ 600 ಡಿಗ್ರಿ ಅಷ್ಟೇ, ಹಗಲಿನ್ಯಾಗ ಕರಿ ಎಣ್ಣಿ ಹರದಂಗ ಕಾಣ್ತದ. ಆಮ್ಯಾಲ ಗಾಳಿಯೊಳಗಿನ ಹಸಿ ಹೀರಿಕೊಂಡು ಬಿಳಿ ಆಗ್ತದ. ನೆಲದಾಳದಾಗ ಒಂದು ಶಿಲಾರಸ ಒಡದು ಸಿಲಿಕಾ ರಸ ಬ್ಯಾರೆ, ಕಾರ್ಬೋನೇಟ್ ರಸ ಬ್ಯಾರೆ ಆದದ್ದು ಇದರ ಹಿಂದಿನ ಕಾರಣ ಅಂತ ಭಾಳ ಮಂದಿ ವಿಜ್ಞಾನಿಗಳು ಒಪ್ತಾರ.

ಪ್ರಶ್ನೆ: ಆ ಹನಿಗಳನ್ನ ನಾವೇ ನೋಡಬೇಕಂದ್ರ ಏನು ಮಾಡಬೇಕು? (ಇದು ಮ್ಯಾಲಿನ ಬಿಎಸ್ಸಿ ವಿದ್ಯಾರ್ಥಿಯದೇ ಎರಡನೇ ಪ್ರಶ್ನೆ.)

ಉತ್ತರ: ಭೂವಿಜ್ಞಾನ ವಿಭಾಗ ಇರೋ ಕಾಲೇಜಿನ್ಯಾಗ ಪರಿಚಯ ಮಾಡ್ಕೊರಿ, ಕಲ್ಲು ಕೊಯ್ಯೋ ಮಷೀನ್ ಮತ್ತ ಪೋಲರೈಸಿಂಗ್ ಮೈಕ್ರೋಸ್ಕೋಪ್ ಬೇಕು. ಕಲ್ಲು ಆರಿಸೋದರಾಗೇ ಅರ್ಧ ಕೆಲಸ ಅದ. ಮ್ಯಾಲಿನ ಗುಳ್ಳಿ ಕಲ್ಲು ಬ್ಯಾಡ, ಸವೆದು ಮುರುಮ್ ಆದದ್ದು ಬ್ಯಾಡ, ಖದಾನಿನ ಗೋಡಿಯ ನಡಕಿಂದ ಹೊಸದಾಗಿ ಒಡದ, ತುಕ್ಕಿನ ಬಣ್ಣ ಇಲ್ಲದ ತುಂಡು ತಗೊಂಡು ಬರ್ರಿ. ತೆಳ್ಳಗ ಕೊಯ್ದು ಗಾಜಿನ ಸ್ಲೈಡಿಗೆ ಎಪಾಕ್ಸಿ ಅಂಟಿಲೆ ಹಚ್ಚಿ, ಕಾರ್ಬೊರಂಡಂ ಪುಡಿನ್ಯಾಗ ತಿಕ್ಕಿ ತಿಕ್ಕಿ 0.03 ಮಿಲಿಮೀಟರ್ ತನಕ ತರಬೇಕು, ಆಗ ಕರಿಗಲ್ಲೂ ಬೆಳಕು ಬಿಡ್ತದ. ಕಡೀ ಹೊತ್ತಿನ್ಯಾಗ ಕೈ ಒತ್ತಿದ್ರ ಕಲ್ಲು ಪೂರಾ ತಿಕ್ಕಿಹೋಗಿ ಬರೇ ಗಾಜು ಉಳೀತದ, ನಿಧಾನ ಮಾಡ್ರಿ.

ಮೈಕ್ರೋಸ್ಕೋಪಿನ್ಯಾಗ ಮೊದಲು ಕಾಣೋದು ಪ್ಲೇಜಿಯೋಕ್ಲೇಸಿನ ಉದ್ದುದ್ದ ಪಟ್ಟಿ, ಅಡ್ಡಾದಿಡ್ಡಿ ಬಿದ್ದಿರ್ತಾವ, ನಡಬರಕ ಪೈರಾಕ್ಸೀನ್. ಅವನ್ನ ಬಿಟ್ಟು ಪಟ್ಟಿಗಳು ಕೂಡೋ ಮೂಲಿನ್ಯಾಗ ಸಣ್ಣ ಮುಕ್ಕೋಣ ಜಾಗ ಹುಡುಕ್ರಿ, ಕಡೀ ರಸ ನಿಂತಿದ್ದು ಅಲ್ಲೇ. ಹೆಚ್ಚಿನ ಪವರ್ ಲೆನ್ಸ್ ಹಾಕಿದ್ರ ತಿಳಿ ಗಾಜಿನ್ಯಾಗ ಕಂದು, ಕರಿ ದುಂಡನ ಚುಕ್ಕಿ ತೇಲ್ತಿರ್ತಾವ. ಕೆಲವು ಕಡಿ ಉಲ್ಟಾ, ಕಂದು ಗಾಜಿನ್ಯಾಗ ತಿಳಿ ಹನಿ. ದುಂಡಗ ಇರೋದೇ ಗುರುತು, ಹರಳಾದ್ರ ಮೂಲಿ ಇರ್ತಾವ, ದ್ರವದ ಹನಿ ಮಾತ್ರ ಹಂಗ ದುಂಡಗ ನಿಲ್ತದ. ಕರಿ ಹನಿ ಎಷ್ಟೋ ಸಲ ಆಮ್ಯಾಲ ಒಳಗೇ ಹರಳು ಕಟ್ಟಿ ಬೆಳಕು ಬಿಡದಂಗ ಆಗಿರ್ತದ, ಅದನ್ನ ನೋಡಿ ಮ್ಯಾಗ್ನೆಟೈಟ್ (ಕಬ್ಬಿಣದ ಕರಿ ಖನಿಜ) ಅಂತ ಬರದು ಮುಂದ ಹೋಗಬ್ಯಾಡ್ರಿ, ಅಂಚು ನೋಡ್ರಿ. ಮೊದಲ ಸ್ಲೈಡಿನ್ಯಾಗ ಸಿಗದಿದ್ರ ಅದೇ ಗೋಡಿಯ ಒಂದೆರಡು ಅಡಿ ಮ್ಯಾಲಿಂದ, ಒಂದೆರಡು ಅಡಿ ಕೆಳಗಿಂದ ಇನ್ನೊಂದೊಂದು ತುಂಡು ತಗೊಂಡು ಮಾಡ್ರಿ, ಸ್ಲೈಡಿನ ಮ್ಯಾಲ ಯಾವ ಖದಾನು, ಪದರದ ಯಾವ ಎತ್ತರ ಅಂತ ಪೆನ್ಸಿಲ್‌ನಾಗ ಬರದು ಇಡ್ರಿ, ಇಲ್ಲಂದ್ರ ಆಮ್ಯಾಲ ಯಾವುದು ಯಾವುದೋ ಗೊತ್ತಾಗಲ್ಲ.